ಮೇಲೆ ಪ್ರಾರ್ಥನೆ, ಕೆಳಗೆ ಅಕ್ಕಿ

2025ರ ನವೆಂಬರ್ 1, ಶನಿವಾರ. ರಾಜ್ಯೋತ್ಸವ. ಸಂಜೆ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಹೋಗಬೇಕಿತ್ತು. ಬೆಳಿಗ್ಗೆ ನಾನು, ಊರಿನಿಂದ ಬಂದಿದ್ದ ಅಮ್ಮ ಇಬ್ಬರೂ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಅಕ್ಕಿ ಪೊಟ್ಟಣ ಜೋಡಿಸುತ್ತಾ ನಿಂತಿದ್ದೆವು. ನಾವಿರುವುದು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ಈ ಚರ್ಚಿನವರು ಪ್ರತಿ ಶನಿವಾರ ಇಲ್ಲದವರಿಗೆ ದಿನಸಿ ಹಂಚುತ್ತಾರೆ. ಇಲ್ಲಿ ಅದಕ್ಕೆ ಫುಡ್ ಪ್ಯಾಂಟ್ರಿ ಅನ್ನುತ್ತಾರೆ. ನಾನು ಎರಡು ವರ್ಷದಿಂದ ಹೋಗಿ ಕೈಲಾದಷ್ಟು ಕೆಲಸ ಮಾಡಿ ಬರುತ್ತೇನೆ.

ಅವತ್ತು ಸಾಲು ಬಾಗಿಲು ದಾಟಿ ಪಾರ್ಕಿಂಗ್ ಜಾಗದ ಕೊನೆಯವರೆಗೂ ಹೋಗಿತ್ತು. ಬಜೆಟ್ ಪಾಸಾಗದೆ ಅಕ್ಟೋಬರ್ 1ರಿಂದ ಕೇಂದ್ರ ಸರ್ಕಾರದ ಕಚೇರಿಗಳು ಮುಚ್ಚಿದ್ದವು. ಸುಮಾರು 4.2 ಕೋಟಿ ಜನರಿಗೆ ತಿಂಗಳು ತಿಂಗಳು ಬರುತ್ತಿದ್ದ ಸ್ನ್ಯಾಪ್ ಎಂಬ ಆಹಾರ ಸಹಾಯದ ಹಣ ನವೆಂಬರ್ 1ರಿಂದ ನಿಂತುಹೋಗಿತ್ತು. ಕಾರ್ಡಿನಲ್ಲಿ ದುಡ್ಡಿಲ್ಲ. ಮನೆಯಲ್ಲಿ ಮಕ್ಕಳಿದ್ದಾರೆ. ಜನ ಚರ್ಚಿನ ಬಾಗಿಲಿಗೆ ಬಂದರು.

ಅಮ್ಮ ಒಂದು ಪೊಟ್ಟಣ ತಿರುಗಿಸಿ ನೋಡಿದರು. ಅದರ ಮೇಲೆ ಅಮೆರಿಕದ ಕೃಷಿ ಇಲಾಖೆಯ ಮುದ್ರೆ ಇತ್ತು. "ಅಲ್ಲ ಕಣೇ, ಇದು ಚರ್ಚಿನವರ ಅಕ್ಕಿನೋ, ಸರ್ಕಾರದ ಅಕ್ಕಿನೋ?" ಅಂತ ಕೇಳಿದರು.

ಅಮ್ಮ ತುಮಕೂರಿನ ಕಡೆಯವರು. ಸಿದ್ಧಗಂಗೆಯ ದಾಸೋಹದಲ್ಲಿ ಊಟ ಮಾಡಿದವರು. ನ್ಯಾಯಬೆಲೆ ಅಂಗಡಿಯ ಮುಂದೆ ಕಾರ್ಡ್ ಹಿಡಿದು ನಿಂತೂ ಗೊತ್ತು. ಮಠದ ಅನ್ನ ಬೇರೆ, ಸೊಸೈಟಿ ಅಕ್ಕಿ ಬೇರೆ ಅಂತ ಅವರ ಲೆಕ್ಕ ಸ್ಪಷ್ಟ. ಇಲ್ಲಿ ಎರಡೂ ಒಂದೇ ಮೇಜಿನ ಮೇಲೆ ಇದ್ದವು. "ಅಕ್ಕಿ ಸರ್ಕಾರದ್ದು ಅಮ್ಮ, ಜಾಗ ಮತ್ತು ಕೈ ಚರ್ಚಿನದು" ಅಂದೆ. ಹೇಳುವಾಗಲೇ ಅನಿಸಿತು, ಈ ದೇಶ ಇನ್ನೂರು ವರ್ಷದಿಂದ ಜಗಳ ಆಡುತ್ತಿರುವ ಪ್ರಶ್ನೆಯನ್ನು ಅಮ್ಮ ಒಂದೇ ಮಾತಿನಲ್ಲಿ ಕೇಳಿಬಿಟ್ಟರು ಅಂತ.

ಸರ್ಕಾರಕ್ಕೂ ಚರ್ಚಿಗೂ ನಡುವೆ ಗೋಡೆ ಇದೆ ಅಂತ ಅಮೆರಿಕದಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಇಲ್ಲಿನ ಸಂವಿಧಾನದಲ್ಲಿ ಗೋಡೆ ಎಂಬ ಪದವೇ ಇಲ್ಲ. 1791ರ ಮೊದಲ ತಿದ್ದುಪಡಿ ಧರ್ಮದ ಬಗ್ಗೆ ಹೇಳುವುದು ಎರಡು ಮಾತು. ಸಂಸತ್ತು ಯಾವ ಧರ್ಮವನ್ನೂ ಸರ್ಕಾರಿ ಧರ್ಮ ಮಾಡುವಂತಿಲ್ಲ. ಯಾರ ಧರ್ಮಾಚರಣೆಗೂ ಅಡ್ಡ ಬರುವಂತಿಲ್ಲ. ಗೋಡೆ ಎಂಬ ಮಾತು ಬಂದದ್ದು 1802ರ ಜನವರಿ 1ರಂದು ಅಧ್ಯಕ್ಷ ಥಾಮಸ್ ಜೆಫರ್ಸನ್ ಬರೆದ ಒಂದು ಕಾಗದದಲ್ಲಿ. ಅದನ್ನು ಅವರು ಬರೆದದ್ದು ಕನೆಕ್ಟಿಕಟ್‌ನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ. ಆ ಜನ ನಾಸ್ತಿಕರಲ್ಲ, ದೈವಭಕ್ತರು. ಆದರೆ ಆ ರಾಜ್ಯದಲ್ಲಿ ಕಾಂಗ್ರಿಗೇಷನಲ್ ಪಂಥಕ್ಕೆ ಸರ್ಕಾರದ ಬೆಂಬಲ ಇತ್ತು. ಬ್ಯಾಪ್ಟಿಸ್ಟರು ಅಲ್ಲಿ ಅಲ್ಪಸಂಖ್ಯಾತರು. ಗೋಡೆ ಬೇಕು ಅಂದವರು ಅವರು.

ಇದನ್ನು ನಾನು ಒತ್ತಿ ಹೇಳುತ್ತೇನೆ. ಈ ಗೋಡೆಯನ್ನು ದೇವರನ್ನು ನಂಬದವರು ಕಟ್ಟಿದ್ದು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಇನ್ನೊಬ್ಬರ ದೇವರಿಗೆ ತೆರಿಗೆ ಕಟ್ಟಲು ಮನಸ್ಸಿಲ್ಲದ ಭಕ್ತರೂ ಅದಕ್ಕೆ ಕಲ್ಲು ಹೊತ್ತಿದ್ದಾರೆ.

ಅದಕ್ಕೂ ಮುಂಚೆ ವರ್ಜೀನಿಯಾದಲ್ಲಿ ಇದೇ ಜಗಳ ನಡೆದಿತ್ತು. ಕ್ರೈಸ್ತ ಬೋಧಕರ ಸಂಬಳಕ್ಕೆ ತೆರಿಗೆ ಹಾಕೋಣ ಅಂತ ಅಲ್ಲಿನ ನಾಯಕ ಪ್ಯಾಟ್ರಿಕ್ ಹೆನ್ರಿ ಮಸೂದೆ ತಂದರು. 1785ರಲ್ಲಿ ಜೇಮ್ಸ್ ಮ್ಯಾಡಿಸನ್ ಅದರ ವಿರುದ್ಧ ಒಂದು ಮನವಿ ಬರೆದರು. ಮೂರೇ ಮೂರು ಪೆನ್ನಿ ಇರಲಿ, ಒಂದು ಧರ್ಮಕ್ಕಾಗಿ ಜನರಿಂದ ಬಲವಂತವಾಗಿ ಕಿತ್ತುಕೊಳ್ಳುವ ಅಧಿಕಾರ ಕೊಟ್ಟರೆ ಮುಂದೆ ಅದಕ್ಕೆ ಕೊನೆಯೇ ಇರಲ್ಲ ಅನ್ನುವುದು ಅವರ ವಾದ. ಮಸೂದೆ ಬಿದ್ದುಹೋಯಿತು.

ನಮ್ಮ ನೆಲಮಾಳಿಗೆಗೆ ನೇರವಾಗಿ ಸಂಬಂಧಪಟ್ಟದ್ದು 1811ರ ಒಂದು ಘಟನೆ. ಅದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಆಗ ಮ್ಯಾಡಿಸನ್ ಅಧ್ಯಕ್ಷರು. ವಾಷಿಂಗ್ಟನ್ ಹತ್ತಿರದ ಅಲೆಕ್ಸಾಂಡ್ರಿಯಾದ ಎಪಿಸ್ಕೋಪಲ್ ಪಂಥದ ಚರ್ಚಿಗೆ ಕಾನೂನಿನ ಮಾನ್ಯತೆ ಕೊಡುವ ಮಸೂದೆ ಅವರ ಮುಂದೆ ಬಂತು. ಬಡವರನ್ನು ನೋಡಿಕೊಳ್ಳುವ, ಬಡ ಮಕ್ಕಳಿಗೆ ಓದು ಕಲಿಸುವ ಅಧಿಕಾರವೂ ಅದರಲ್ಲಿ ಸೇರಿತ್ತು. ಫೆಬ್ರುವರಿ 21ರಂದು ಮ್ಯಾಡಿಸನ್ ಅದಕ್ಕೆ ಸಹಿ ಹಾಕದೆ ವಾಪಸ್ ಕಳಿಸಿದರು. ಅವರು ಕೊಟ್ಟ ಕಾರಣಗಳಲ್ಲಿ ಒಂದು ಇದು: ಬಡವರನ್ನು ನೋಡಿಕೊಳ್ಳುವುದು ಸಾರ್ವಜನಿಕ ಕರ್ತವ್ಯ, ಅದನ್ನು ಕಾನೂನಿನ ಮೂಲಕ ಧಾರ್ಮಿಕ ಸಂಸ್ಥೆಯ ಕೈಗೆ ಕೊಟ್ಟರೆ ಅದೇ ಮುಂದೆ ಮಾದರಿ ಆಗುತ್ತದೆ. ದಾನ ಮಾಡಬೇಡಿ ಅಂತ ಅವರು ಹೇಳಲಿಲ್ಲ. ನಿಮ್ಮ ದಾನ ನೀವು ಮಾಡಿ, ಸರ್ಕಾರದ ಕೆಲಸ ಸರ್ಕಾರದ್ದೇ ಇರಲಿ ಅಂದರು.

ಅಷ್ಟು ಸ್ಪಷ್ಟವಾಗಿ ಹೇಳಿದ್ದರೂ ದೇಶ ಆ ದಾರಿಯಲ್ಲಿ ನಡೆಯಲಿಲ್ಲ. ನಡೆಯುವುದು ಸುಲಭವೂ ಇರಲಿಲ್ಲ. ಆಸ್ಪತ್ರೆ, ಅನಾಥಾಶ್ರಮ, ವೃದ್ಧರ ಮನೆ ಎಲ್ಲ ಕಟ್ಟಿದವರಲ್ಲಿ ಕ್ರೈಸ್ತ ಸನ್ಯಾಸಿನಿಯರು, ಪಾದ್ರಿಗಳು, ಯೆಹೂದಿ ಸಂಘದವರೇ ಮುಂದೆ ಇದ್ದರು. ಸರ್ಕಾರಕ್ಕೆ ಅವರು ಬೇಕಿತ್ತು. ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ ವಾಷಿಂಗ್ಟನ್‌ನ ಪ್ರಾವಿಡೆನ್ಸ್ ಆಸ್ಪತ್ರೆಗೆ ಸರ್ಕಾರದ ಹಣದಲ್ಲಿ ಕಟ್ಟಡ ಕಟ್ಟಬಹುದಾ ಎಂಬ ಪ್ರಶ್ನೆ 1899ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಕಟ್ಟಬಹುದು ಅಂತ ಕೋರ್ಟ್ ಹೇಳಿತು. ನಡೆಸುವವರು ಯಾವ ಪಂಥದವರಾದರೇನು, ಕಾನೂನಿನ ಕಣ್ಣಿಗೆ ಅದು ಆಸ್ಪತ್ರೆ ನಡೆಸುವ ಒಂದು ಸಂಸ್ಥೆ, ಅಷ್ಟೇ ಅನ್ನುವುದು ಅದರ ತೀರ್ಮಾನ.

1947ರ ತೀರ್ಪು ಇನ್ನೂ ವಿಚಿತ್ರ. ನ್ಯೂಜೆರ್ಸಿಯಲ್ಲಿ ಕ್ಯಾಥೊಲಿಕ್ ಶಾಲೆಗೆ ಹೋಗುವ ಮಕ್ಕಳ ಬಸ್ ಚಾರ್ಜನ್ನು ಸರ್ಕಾರ ಅಪ್ಪ ಅಮ್ಮಂದಿರಿಗೆ ವಾಪಸ್ ಕೊಡುತ್ತಿತ್ತು. ಗೋಡೆ ಎತ್ತರವಾಗಿಯೂ ಗಟ್ಟಿಯಾಗಿಯೂ ಇರಬೇಕು ಅಂತ ಸುಪ್ರೀಂ ಕೋರ್ಟ್ ಜೋರಾಗಿ ಬರೆಯಿತು. ಅದೇ ತೀರ್ಪಿನಲ್ಲಿ, 5–4ರ ಬಹುಮತದಲ್ಲಿ, ಬಸ್ ಚಾರ್ಜ್ ಕೊಟ್ಟರೆ ತಪ್ಪೇನಿಲ್ಲ ಅಂತಲೂ ಹೇಳಿತು. ಆ ಮಕ್ಕಳು ಬಸ್ಸಿನಲ್ಲಿ ಹೋಗುವುದು ಎಲ್ಲ ಮಕ್ಕಳ ಸುರಕ್ಷತೆಯ ವಿಷಯ ತಾನೇ ಎಂಬ ನೋಟ. ಆಮೇಲೆ 1971ರಲ್ಲಿ ಧಾರ್ಮಿಕ ಶಾಲೆಯ ಮೇಷ್ಟ್ರುಗಳ ಸಂಬಳಕ್ಕೆ ಸರ್ಕಾರ ದುಡ್ಡು ಕೊಡುವಂತಿಲ್ಲ ಅಂತ ಹೇಳಿ, ಇಂಥ ಕೇಸುಗಳಿಗೆಲ್ಲ ಮೂರು ಹಂತದ ಒಂದು ಪರೀಕ್ಷೆಯನ್ನೂ ಕೊಟ್ಟಿತು. ಬಸ್ಸಿಗೆ ಸೈ, ಸಂಬಳಕ್ಕೆ ಬೇಡ. ಗೆರೆ ಎಲ್ಲಿ ಎಳೆಯೋದು ಅಂತ ಅಲ್ಲಿಂದ ಇಲ್ಲಿಯವರೆಗೂ ತಕರಾರು ನಡೆದೇ ಇದೆ.

ನಮ್ಮ ಕಾಲದ ಕಥೆ ಶುರುವಾಗುವುದು 1996ರಲ್ಲಿ. ಕ್ಲಿಂಟನ್ ಸರ್ಕಾರ ಬಡವರ ಸಹಾಯದ ಕಾನೂನನ್ನು ಬುಡಸಮೇತ ಬದಲಾಯಿಸಿತು. ಆ ಕಾನೂನಿನೊಳಗೆ ಸೆನೆಟರ್ ಜಾನ್ ಆಶ್‌ಕ್ರಾಫ್ಟ್ ಒಂದು ಅಂಶ ಸೇರಿಸಿದರು. ಅದಕ್ಕೆ 'ಚಾರಿಟಬಲ್ ಚಾಯ್ಸ್' ಅಂತ ಹೆಸರು ಬಂತು. ಅಲ್ಲಿಯವರೆಗೆ ಧಾರ್ಮಿಕ ಸಂಸ್ಥೆಗಳು ಸರ್ಕಾರದ ಹಣ ಪಡೆಯಲು ಸಾಮಾನ್ಯವಾಗಿ ಬೇರೆ ಹೆಸರಿನ, ಬೇರೆ ಲೆಕ್ಕಪತ್ರದ ಒಂದು ಸಂಸ್ಥೆ ಮಾಡಿಕೊಳ್ಳುತ್ತಿದ್ದವು. ಇನ್ನು ಮುಂದೆ ಗೋಡೆ ಮೇಲಿನ ಶಿಲುಬೆ ಇಳಿಸಬೇಕಿಲ್ಲ, ಧರ್ಮದ ಗುರುತು ಬಚ್ಚಿಡಬೇಕಿಲ್ಲ, ಇದ್ದ ಹಾಗೇ ಬಂದು ಟೆಂಡರ್ ಹಾಕಿ ಅಂತ ಕಾನೂನು ಹೇಳಿತು.

2001ರ ಜನವರಿ 29ರಂದು, ಅಧಿಕಾರಕ್ಕೆ ಬಂದು ಹತ್ತು ದಿನ ಕೂಡ ತುಂಬಿರಲಿಲ್ಲ, ಜಾರ್ಜ್ ಬುಷ್ ಶ್ವೇತಭವನದಲ್ಲೇ ಇದಕ್ಕೊಂದು ಕಚೇರಿ ತೆರೆದರು. ಅದಕ್ಕೆ ಕಾನೂನಿನ ಬಲ ಕೊಡುವ ಮಸೂದೆ ಸೆನೆಟ್‌ನಲ್ಲಿ ಸಿಕ್ಕಿಹಾಕಿಕೊಂಡಿತು. ಅವರು ಆದೇಶ ಹೊರಡಿಸಿ ಅದೇ ಕೆಲಸ ಮಾಡಿದರು. ಒಬಾಮಾ ಆ ಕಚೇರಿ ಮುಚ್ಚಲಿಲ್ಲ, ಹೆಸರು ಬದಲಾಯಿಸಿದರು. ಬೈಡನ್ ಕೂಡ ಅಂಥದೇ ಕಚೇರಿ ಇಟ್ಟುಕೊಂಡರು. ಟ್ರಂಪ್ 2025ರ ಫೆಬ್ರುವರಿ 7ರಂದು ಹೊಸ ರೂಪದ ಕಚೇರಿ ತೆರೆದು ಪಾಲಾ ವೈಟ್ ಎಂಬ ಧರ್ಮಬೋಧಕಿಗೆ ಅದರ ಹೊಣೆ ಕೊಟ್ಟರು. ಹೀಗಾಗಿ ಇದು ಒಂದು ಪಕ್ಷದ ಕಥೆಯಲ್ಲ. ಎರಡೂ ಪಕ್ಷಗಳಿಗೆ ಈ ದಾರಿ ಬೇಕು. ಜಗಳ ಇರುವುದು ಷರತ್ತುಗಳ ಬಗ್ಗೆ.

ಷರತ್ತು ಅಂದರೆ ಏನು? ನಮ್ಮ ಚರ್ಚಿನಲ್ಲೇ ತೋರಿಸುತ್ತೇನೆ.

ಈ ಪ್ಯಾಂಟ್ರಿ ನಡೆಸುವವರು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಒಬ್ಬ ಅಜ್ಜಿ. ಬಾಗಿಲ ಪಕ್ಕದ ಗೋಡೆಯ ಮೇಲೆ ಕೃಷಿ ಇಲಾಖೆಯ ಒಂದು ಪೋಸ್ಟರ್ ಇದೆ. 'ಮತ್ತು ಎಲ್ಲರಿಗೂ ನ್ಯಾಯ' ಅಂತ ಅದರ ತಲೆಬರಹ. ಸರ್ಕಾರದ ಆಹಾರ ಹಂಚುವ ಪ್ರತಿ ಜಾಗದಲ್ಲೂ ಅದು ಕಾಣುವಂತೆ ಇರಬೇಕು. ಅದರ ಕೆಳಗೆ ಇನ್ನೊಂದು ಹಾಳೆ ಅಂಟಿಸಿದ್ದಾರೆ. ನೀವು ಯಾವ ಧರ್ಮದವರಾದರೂ, ಯಾವ ಧರ್ಮವೂ ಇಲ್ಲದಿದ್ದರೂ, ಇಲ್ಲಿ ಆಹಾರ ಪಡೆಯಬಹುದು. ಪ್ರಾರ್ಥನೆಗೆ ಸೇರಲೇಬೇಕು ಅಂತಿಲ್ಲ. ಇಷ್ಟೇ ಅದರ ಸಾರ. ಪ್ರಾರ್ಥನೆ, ಬೈಬಲ್ ಓದು ಏನಿದ್ದರೂ ಮೇಲಿನ ಹಾಲಿನಲ್ಲಿ. ಕೆಳಗೆ ಅಕ್ಕಿ, ಹುರುಳಿಕಾಯಿ ಡಬ್ಬ, ಕಡಲೆಕಾಯಿ ಬೆಣ್ಣೆ. ಸರ್ಕಾರದ ಹಣ ಅಥವಾ ಸಾಮಾನು ನೇರವಾಗಿ ಬಂದರೆ ಧಾರ್ಮಿಕ ಚಟುವಟಿಕೆ ಬೇರೆ ಹೊತ್ತಿನಲ್ಲೋ ಬೇರೆ ಜಾಗದಲ್ಲೋ ನಡೆಯಬೇಕು ಅಂತ ನಿಯಮ ಇದೆ. ನಮ್ಮಲ್ಲಿ ಆ ನಿಯಮ ಅಂದರೆ ಹದಿನಾಲ್ಕು ಮೆಟ್ಟಿಲು.

ಒಂದು ಸಲ ಹೊಸದಾಗಿ ಬಂದ ಹುಡುಗನೊಬ್ಬ ಬಾಗಿಲು ತೆಗೆಯುವ ಮುಂಚೆ ಸಾಲಿನ ಮುಂದೆ ನಿಂತು, ಎಲ್ಲರೂ ತಲೆ ಬಗ್ಗಿಸಿ, ಪ್ರಾರ್ಥಿಸೋಣ ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಸಾಲಿನಲ್ಲಿ ಸೊಮಾಲಿಯಾದ ಹೆಂಗಸರಿದ್ದರು, ಭೂತಾನಿನಿಂದ ಬಂದ ನೇಪಾಳಿ ಮಾತಿನ ಕುಟುಂಬಗಳಿದ್ದವು. ಕೊಲಂಬಸ್‌ನಲ್ಲಿ ಈ ಎರಡೂ ಸಮುದಾಯದ ಜನ ತುಂಬಾ ಇದ್ದಾರೆ. ಒಬ್ಬಾಕೆ ಚೀಲ ಎದೆಗೆ ಒತ್ತಿಕೊಂಡು ಅತ್ತಿತ್ತ ನೋಡಿದಳು. ತಲೆ ಬಗ್ಗಿಸದಿದ್ದರೆ ಅಕ್ಕಿ ಸಿಗುತ್ತೋ ಇಲ್ಲವೋ ಎಂಬ ಲೆಕ್ಕ ಆ ಮುಖದಲ್ಲಿ ಕಾಣುತ್ತಿತ್ತು. ಅಜ್ಜಿ ಬೇಗ ಬಂದು ಹುಡುಗನ ಭುಜ ಮುಟ್ಟಿದರು. "ಅದು ಮೇಲೆ ಮಗು. ಇಲ್ಲಲ್ಲ" ಅಂದರು. ಅಷ್ಟೇ. ಸಾಲು ಮುಂದೆ ಹೋಯಿತು.

ನನ್ನ ಪ್ರಕಾರ ಇಡೀ ಚರ್ಚೆ ಆ ಹೆಂಗಸಿನ ಮುಖದಲ್ಲಿದೆ. ಸರ್ಕಾರ ಚರ್ಚಿಗೆ ದುಡ್ಡು ಕೊಡಬಹುದಾ, ಬೇಡವಾ ಅಂತ ಪುಸ್ತಕದ ಮಟ್ಟದಲ್ಲಿ ಎಷ್ಟು ಬೇಕಾದರೂ ವಾದ ಮಾಡಬಹುದು. ಹಸಿದು ಬಂದವಳಿಗೆ ಆಯ್ಕೆ ಎಲ್ಲಿದೆ? ಬೇಡ ಅಂತ ಹೊರಟುಹೋಗುವ ಶಕ್ತಿ ಇಲ್ಲದವರ ಮುಂದೆ ಇಟ್ಟ ಪ್ರಾರ್ಥನೆ, ಎಷ್ಟೇ ಮೆಲ್ಲಗೆ ಹೇಳಿದರೂ, ಒತ್ತಾಯವೇ.

ಒತ್ತಾಯ ಹೇಗಿರುತ್ತದೆ ಅಂತ ನೋಡಲು ಅಯೋವಾ ರಾಜ್ಯದ ನ್ಯೂಟನ್ ಜೈಲಿನ ಕೇಸಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿ ಪ್ರಿಸನ್ ಫೆಲೋಶಿಪ್ ಎಂಬ ಕ್ರೈಸ್ತ ಸಂಸ್ಥೆ ಕೈದಿಗಳ ಸುಧಾರಣೆಗೆ ಒಂದು ಕಾರ್ಯಕ್ರಮ ನಡೆಸುತ್ತಿತ್ತು. ವಾಟರ್‌ಗೇಟ್ ಹಗರಣದಲ್ಲಿ ಜೈಲಿಗೆ ಹೋಗಿ ಬಂದ ಚಾರ್ಲ್ಸ್ ಕೋಲ್ಸನ್ ಕಟ್ಟಿದ ಸಂಸ್ಥೆ ಅದು. ಖರ್ಚಿನಲ್ಲಿ ಒಂದು ಪಾಲು ಸರ್ಕಾರದ್ದು. ಬೆಳಗಿನಿಂದ ರಾತ್ರಿಯವರೆಗೂ ಬೈಬಲ್ ಆಧಾರದ ಪಾಠ. ಸೇರುವುದು ಕೈದಿಯ ಇಷ್ಟ, ಬಲವಂತ ಏನಿಲ್ಲ ಅಂತ ಸಂಸ್ಥೆ ಹೇಳುತ್ತಿತ್ತು. ಆದರೆ ಸೇರಿದವರು ಇರುವ ವಿಭಾಗದ ಕೋಣೆಗಳಿಗೆ ಮರದ ಬಾಗಿಲು. ಪುಸ್ತಕ, ಕಂಪ್ಯೂಟರ್ ಜಾಸ್ತಿ. ಆಗಾಗ ಹೊರಗಿನ ಪಿಜ್ಜಾ. ಸೇರದವರಿಗೆ ಇದು ಯಾವುದೂ ಇಲ್ಲ. ಜೈಲಿನಲ್ಲಿ ಮರದ ಬಾಗಿಲು ಅಂದರೆ ಎಷ್ಟು ದೊಡ್ಡ ವಿಷಯ ಅಂತ ಕಬ್ಬಿಣದ ಸರಳಿನ ಹಿಂದೆ ಮಲಗಿದವರಿಗೆ ಗೊತ್ತು. 2006ರಲ್ಲಿ ಕೇಂದ್ರದ ಜಿಲ್ಲಾ ನ್ಯಾಯಾಧೀಶ ರಾಬರ್ಟ್ ಪ್ರ್ಯಾಟ್ ಇದು ಸಂವಿಧಾನಕ್ಕೆ ವಿರುದ್ಧ ಅಂದರು. 2007ರ ಡಿಸೆಂಬರ್‌ನಲ್ಲಿ ಮೇಲ್ಮನವಿ ಕೋರ್ಟ್ ಅದರ ಮುಖ್ಯ ಭಾಗವನ್ನು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟಿನಿಂದ ನಿವೃತ್ತರಾಗಿದ್ದ ಸ್ಯಾಂಡ್ರಾ ಡೇ ಓಕಾನರ್ ಆ ಪೀಠದಲ್ಲಿ ಕುಳಿತಿದ್ದರು.

ಅನಾಥ ಮಕ್ಕಳ ವಿಷಯದಲ್ಲಿ ಇನ್ನೊಂದು ಬಗೆಯ ತೊಂದರೆ ಇದೆ. ಅಮೆರಿಕದಲ್ಲಿ ಅಪ್ಪ ಅಮ್ಮ ನೋಡಿಕೊಳ್ಳಲಾಗದ ಮಕ್ಕಳನ್ನು ಸರ್ಕಾರ ಸಾಕುಮನೆಗಳಲ್ಲಿ ಇಡುತ್ತದೆ. ಆ ಮನೆಗಳನ್ನು ಹುಡುಕಿ ಕೊಡುವ ಕೆಲಸ ಎಷ್ಟೋ ಕಡೆ ಧಾರ್ಮಿಕ ಸಂಸ್ಥೆಗಳದ್ದು. ದಕ್ಷಿಣ ಕ್ಯಾರೊಲಿನಾದ ಗ್ರೀನ್‌ವಿಲ್‌ನ ಮಿರಾಕಲ್ ಹಿಲ್ ಎಂಬ ಸಂಸ್ಥೆ ತನ್ನದೇ ಪ್ರಾಟೆಸ್ಟಂಟ್ ನಂಬಿಕೆ ಒಪ್ಪುವವರ ಜೊತೆ ಮಾತ್ರ ಕೆಲಸ ಮಾಡುತ್ತಿತ್ತು. ಯೆಹೂದಿಗಳನ್ನು, ಕ್ಯಾಥೊಲಿಕರನ್ನು ವಾಪಸ್ ಕಳಿಸಿತ್ತು. ತಾರತಮ್ಯ ಬೇಡ ಎಂಬ ಕೇಂದ್ರದ ನಿಯಮದಿಂದ 2019ರ ಜನವರಿಯಲ್ಲಿ ಟ್ರಂಪ್ ಸರ್ಕಾರ ಇದಕ್ಕೆ ವಿನಾಯಿತಿ ಕೊಟ್ಟಿತು. ಆಮೇಲೆ ಕ್ಯಾಥೊಲಿಕರಿಗೆ ಅದು ಬಾಗಿಲು ತೆರೆಯಿತು. ಅದೇ ಬಾಗಿಲಿಗೆ ನಮ್ಮ ಹಾಸನದ ಕಡೆಯ ಒಂದು ಜೋಡಿ ಹೋಗಿ, ಮಗುವನ್ನು ಸಾಕುತ್ತೇವೆ ಅಂದಿದ್ದರೆ? ಅವರು ಕಟ್ಟುವ ತೆರಿಗೆಯೂ ಆ ಸಂಸ್ಥೆಗೆ ಹೋಗುವ ಹಣದಲ್ಲಿ ಸೇರಿರುತ್ತದೆ.

ಇನ್ನೊಂದು ಕಡೆಯವರ ಮಾತನ್ನೂ ಗೌರವದಿಂದ ಕೇಳಬೇಕು. ಫಿಲಡೆಲ್ಫಿಯಾದಲ್ಲಿ ಕ್ಯಾಥೊಲಿಕ್ ಸೇವಾ ಸಂಸ್ಥೆಯೊಂದು ಸಲಿಂಗಿ ಜೋಡಿಗಳಿಗೆ ಸಾಕುಮನೆಯ ಪ್ರಮಾಣಪತ್ರ ಕೊಡುವುದಿಲ್ಲ ಅಂದಿತು. ನಗರಾಡಳಿತ ಅದರ ಜೊತೆಗಿನ ಒಪ್ಪಂದ ನಿಲ್ಲಿಸಿತು. 2021ರಲ್ಲಿ ಸುಪ್ರೀಂ ಕೋರ್ಟ್ ಸಂಸ್ಥೆಯ ಪರವಾಗಿ ತೀರ್ಪು ಕೊಟ್ಟಿತು, ಅದೂ ಒಮ್ಮತದಿಂದ. ಬೇರೆಯವರಿಗೆ ವಿನಾಯಿತಿ ಕೊಡುವ ಅವಕಾಶ ನಿಮ್ಮ ಒಪ್ಪಂದದಲ್ಲೇ ಇರುವಾಗ ಇವರಿಗೆ ಮಾತ್ರ ಇಲ್ಲ ಅನ್ನುವಂತಿಲ್ಲ ಎಂಬುದು ಕಾರಣ. ನಂಬಿಕೆಯಿಂದಲೇ ಈ ಕೆಲಸಕ್ಕೆ ಇಳಿದವರಿಗೆ, ನಂಬಿಕೆ ಹೊರಗಿಟ್ಟು ಬನ್ನಿ ಅಂದರೆ ಅವರು ಬರುವುದೇ ಇಲ್ಲ ಅನ್ನುವುದು ಸುಳ್ಳಲ್ಲ. ನಮ್ಮ ಪ್ಯಾಂಟ್ರಿಯ ಅಜ್ಜಿ ಶನಿವಾರ ಐದು ಗಂಟೆಗೆ ಏಳುವುದು ಸರ್ಕಾರದ ಪ್ರೀತಿಗೆ ಅಲ್ಲ.

ಈ ಹತ್ತು ವರ್ಷದಲ್ಲಿ ಸುಪ್ರೀಂ ಕೋರ್ಟ್ ಬಹಳ ದೂರ ಬಂದಿದೆ. 2017ರಲ್ಲಿ ಮಿಸೌರಿಯ ಒಂದು ಲೂಥರನ್ ಚರ್ಚ್ ತನ್ನ ಶಿಶುವಿಹಾರದ ಆಟದ ಅಂಗಳಕ್ಕೆ ಹಳೆ ಟೈರಿನ ರಬ್ಬರ್ ಹಾಸಲು ಸರ್ಕಾರದ ಅನುದಾನ ಕೇಳಿತ್ತು. ಚರ್ಚ್ ಎಂಬ ಒಂದೇ ಕಾರಣಕ್ಕೆ ಇಲ್ಲ ಅನ್ನುವಂತಿಲ್ಲ ಅಂತ 7–2ರಲ್ಲಿ ತೀರ್ಪು ಬಂತು. ಮಗು ಬಿದ್ದರೆ ಮಂಡಿ ತರಚಬಾರದು, ಅದರಲ್ಲಿ ಧರ್ಮ ಏನು ಬಂತು ಅಂತ ನನಗೂ ಅನಿಸಿತ್ತು. ಆದರೆ ಆ ರಬ್ಬರ್ ಅಲ್ಲಿಗೇ ನಿಲ್ಲಲಿಲ್ಲ. 2020ರಲ್ಲಿ ಮೊಂಟಾನಾ, 2022ರಲ್ಲಿ ಮೇಯ್ನ್. ಖಾಸಗಿ ಶಾಲೆಗೆ ಸಹಾಯ ಕೊಡುವುದಾದರೆ ಧಾರ್ಮಿಕ ಶಾಲೆಯನ್ನು ಬಿಡುವಂತಿಲ್ಲ ಅಂತ ಕೋರ್ಟ್ ಹೇಳುತ್ತಾ ಹೋಯಿತು. 1971ರ ಆ ಮೂರು ಹಂತದ ಪರೀಕ್ಷೆಯನ್ನೂ 2022ರಲ್ಲಿ ಕೈಬಿಟ್ಟಿತು. ಮೊದಲು ಇದ್ದ ಪ್ರಶ್ನೆ, ಸರ್ಕಾರ ಚರ್ಚಿಗೆ ಕೊಡಬಹುದಾ? ಈಗಿನ ಪ್ರಶ್ನೆ, ಚರ್ಚಿಗೆ ಕೊಡದೆ ಇರಬಹುದಾ? ಒಕ್ಲಹೋಮಾದಲ್ಲಿ ಪೂರ್ತಿ ಸರ್ಕಾರಿ ಖರ್ಚಿನ ಕ್ಯಾಥೊಲಿಕ್ ಆನ್‌ಲೈನ್ ಶಾಲೆ ತೆರೆಯಲು ಹೊರಟಾಗ 2025ರ ಮೇ 22ರಂದು ನ್ಯಾಯಮೂರ್ತಿಗಳು 4–4 ಸಮ ಆದರು. ಒಬ್ಬರು ಕೇಸಿನಿಂದ ಹೊರಗಿದ್ದರು. ಹಾಗಾಗಿ ಶಾಲೆ ಬೇಡ ಎಂದ ರಾಜ್ಯದ ಕೋರ್ಟಿನ ತೀರ್ಪು ಉಳಿಯಿತು. ಇಂಥದೇ ಇನ್ನೊಂದು ಕೇಸು ಬಂದೇ ಬರುತ್ತದೆ ಅನ್ನುವುದು ನನ್ನ ಊಹೆ.

ಕೋರ್ಟಿನ ಸುದ್ದಿ ದೊಡ್ಡದಾಗಿ ಬರುತ್ತದೆ. ನನಗೆ ಮಾತ್ರ ಅದಕ್ಕಿಂತ ಆ ಗೋಡೆ ಮೇಲಿನ ಹಾಳೆಯ ಕಥೆ ಮುಖ್ಯ ಅನಿಸುತ್ತದೆ. ಧಾರ್ಮಿಕ ಸಂಸ್ಥೆಯಲ್ಲಿ ಸಹಾಯ ಪಡೆಯಲು ಮನಸ್ಸಿಲ್ಲದವರಿಗೆ ಬೇರೆ ಜಾಗ ಹುಡುಕಿ ಕೊಡಲು ಪ್ರಯತ್ನಿಸಬೇಕು, ಅವರ ಹಕ್ಕುಗಳನ್ನು ಬರೆದು ತಿಳಿಸಬೇಕು ಅಂತ 2010ರಲ್ಲಿ ಒಬಾಮಾ ಆದೇಶ ಮಾಡಿದರು. 2016ರಲ್ಲಿ ಇಲಾಖೆಗಳು ಅದಕ್ಕೆ ನಿಯಮ ಮಾಡಿದವು. 2018ರಲ್ಲಿ ಟ್ರಂಪ್ ಆ ಆದೇಶ ಬದಲಾಯಿಸಿದರು, 2020ರ ಡಿಸೆಂಬರ್‌ನಲ್ಲಿ ನಿಯಮಗಳೂ ಹೋದವು. ಸಂಸ್ಥೆಗಳ ಮೇಲೆ ಸುಮ್ನೆ ಹೊರೆ ಅಂತ ಕಾರಣ ಕೊಟ್ಟರು. 2024ರಲ್ಲಿ ಬೈಡನ್ ಸರ್ಕಾರ ಹಕ್ಕು ತಿಳಿಸುವ ನಿಯಮವನ್ನು ಮತ್ತೆ ತಂದಿತು. ಬೇರೆ ಜಾಗ ಹುಡುಕಿಕೊಡುವ ಹಳೆಯ ಹೊಣೆ ಪೂರ್ತಿಯಾಗಿ ವಾಪಸ್ ಬರಲಿಲ್ಲ. ಒಂದು ಹಾಳೆ. ಅಂಟಿಸಲು ನಾಲ್ಕು ತುಂಡು ಟೇಪು. ಅದನ್ನು ಹೊರೆ ಅನ್ನುವವರು ಚೀಲ ಎದೆಗೊತ್ತಿ ನಿಂತ ಆ ಹೆಂಗಸನ್ನು ಒಂದು ಸಲ ನೋಡಬೇಕಿತ್ತು.

ಇಷ್ಟು ಹೊತ್ತು ಹೇಳಿದ್ದು ಪಡೆಯುವವರ ಕಷ್ಟ. ಕೊಡುವವರ ಕಷ್ಟ ಏನು ಅಂತ 2025 ತೋರಿಸಿತು.

ನಿರಾಶ್ರಿತರನ್ನು ಕರೆತಂದು ನೆಲೆ ಮಾಡಿಕೊಡುವ ಕೆಲಸವನ್ನು ಅಮೆರಿಕ ಸರ್ಕಾರ ಹತ್ತು ರಾಷ್ಟ್ರೀಯ ಸಂಸ್ಥೆಗಳಿಗೆ ಕೊಟ್ಟಿತ್ತು. ಅವುಗಳಲ್ಲಿ ಹೆಚ್ಚಿನವು ಧಾರ್ಮಿಕ. ಕ್ಯಾಥೊಲಿಕ್ ಬಿಷಪ್‌ಗಳ ಸಮ್ಮೇಳನ, ಲೂಥರನ್ನರು, ಎಪಿಸ್ಕೋಪಲ್ ಚರ್ಚು, ಯೆಹೂದಿಗಳ ಹಯಾಸ್, ಹೀಗೆ. ವಿಮಾನ ನಿಲ್ದಾಣಕ್ಕೆ ಹೋಗಿ ಕರೆದುಕೊಂಡು ಬರುವುದು, ಬಾಡಿಗೆ ಮನೆ, ಪಾತ್ರೆ ಪಡಗ, ಮಕ್ಕಳನ್ನು ಶಾಲೆಗೆ ಸೇರಿಸುವುದು ಎಲ್ಲ ಇವರದೇ. ಜನವರಿಯಲ್ಲಿ ಹೊಸ ಸರ್ಕಾರ ಬಂದ ದಿನವೇ ನಿರಾಶ್ರಿತರ ಕಾರ್ಯಕ್ರಮ ನಿಲ್ಲಿಸಲು ಆದೇಶ ಹೊರಟಿತು. ಕೆಲವೇ ದಿನಗಳಲ್ಲಿ ಹಣವೂ ನಿಂತಿತು. ಬಿಷಪ್‌ಗಳಿಗೆ ಬಡವರಿಗಿಂತ ತಮ್ಮ ಆದಾಯದ ಚಿಂತೆಯೇ ಹೆಚ್ಚೇ ಎಂಬ ಅರ್ಥದ ಮಾತನ್ನು ಉಪಾಧ್ಯಕ್ಷ ವ್ಯಾನ್ಸ್ ಟಿವಿಯಲ್ಲಿ ಆಡಿದರು. ಅವರೂ ಕ್ಯಾಥೊಲಿಕ್. ಸರ್ಕಾರ ಕೊಟ್ಟದ್ದಕ್ಕಿಂತ ಜಾಸ್ತಿ ನಾವೇ ಖರ್ಚು ಮಾಡುತ್ತೇವೆ ಅಂತ ಬಿಷಪ್‌ಗಳು ಉತ್ತರ ಕೊಟ್ಟರು. ಫೆಬ್ರುವರಿಯಲ್ಲಿ ಕೋರ್ಟಿಗೆ ಹೋದರು. ಏಪ್ರಿಲ್‌ನಲ್ಲಿ, ಸರ್ಕಾರದ ಜೊತೆಗಿನ ನಿರಾಶ್ರಿತರ ಒಪ್ಪಂದಗಳನ್ನು ಇನ್ನು ಮುಂದುವರಿಸುವುದಿಲ್ಲ ಅಂತ ಹೇಳಿದರು. ದಶಕಗಳ ಸಂಬಂಧ ಮೂರು ತಿಂಗಳಲ್ಲಿ ಮುಗಿಯಿತು. ಶ್ವೇತಭವನದಲ್ಲಿ ಧರ್ಮಕ್ಕಾಗಿ ಹೊಸ ಕಚೇರಿ ತೆರೆದದ್ದೂ ಇದೇ ವಾರಗಳಲ್ಲಿ.

ಎಪಿಸ್ಕೋಪಲ್ ಚರ್ಚಿನದು ಬೇರೆಯದೇ ಕಥೆ. ಉಳಿದ ನಿರಾಶ್ರಿತರು ಕಾಯುತ್ತಿರುವಾಗ ದಕ್ಷಿಣ ಆಫ್ರಿಕಾದ ಬಿಳಿಯ ಆಫ್ರಿಕಾನರ್ ಜನರಿಗೆ ನೆಲೆ ಮಾಡಿಕೊಡಿ ಅಂತ ಸರ್ಕಾರ ಹೇಳಿತು. ಚರ್ಚ್ 2025ರ ಮೇ 12ರಂದು ಆಗಲ್ಲ ಅಂದಿತು. ಸುಮಾರು ನಲವತ್ತು ವರ್ಷದ ಒಪ್ಪಂದವನ್ನು ಮುಗಿಸುವುದಾಗಿ ಹೇಳಿತು. 1811ರಲ್ಲಿ ಮ್ಯಾಡಿಸನ್ ವಾಪಸ್ ಕಳಿಸಿದ ಮಸೂದೆಯೂ ಇದೇ ಪಂಥದ ಚರ್ಚಿನದು. ಸರ್ಕಾರದ ಕೆಲಸ ಹೊತ್ತ ಮೇಲೆ ಯಾರಿಗೆ ಸಹಾಯ ಮಾಡಬೇಕು ಎಂಬ ತೀರ್ಮಾನವೂ ಸರ್ಕಾರದ್ದೇ ಆಗುತ್ತದೆ. ಗೋಡೆ ಬೇಕಿರುವುದು ಸರ್ಕಾರಕ್ಕೆ ಮಾತ್ರ ಅಲ್ಲ, ಚರ್ಚಿಗೂ ಬೇಕು ಅಂತ ನಾನು ನಂಬಿದ್ದು ಆ ಸುದ್ದಿ ಓದಿದ ದಿನ.

ನಮ್ಮ ಪ್ಯಾಂಟ್ರಿಗೂ ಇದರ ಬಿಸಿ ತಟ್ಟಿತು. ಮಾರ್ಚ್‌ನಲ್ಲಿ ಕೃಷಿ ಇಲಾಖೆ ಇಂಥ ಜಾಗಗಳಿಗೆ ಬರಬೇಕಿದ್ದ ಸುಮಾರು 50 ಕೋಟಿ ಡಾಲರ್‌ನಷ್ಟು ಆಹಾರವನ್ನು ತಡೆಯಿತು. ಬೇಸಿಗೆಯಲ್ಲಿ ನಮ್ಮ ಕಪಾಟುಗಳ ಒಂದು ಸಾಲು ಖಾಲಿ ಇತ್ತು. ಅಜ್ಜಿ ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಪೆಟ್ಟಿಗೆ ಹಿಡಿದು ನಿಂತರು. ಕನ್ನಡ ಕೂಟದ ಕೆಲವರು ಸೇರಿ ಬೇಳೆ ಮೂಟೆ ತಂದು ಹಾಕಿದೆವು. ಒಳ್ಳೆಯದೇ ಆಯಿತು, ಆದರೆ ಸಾಲಲಿಲ್ಲ. ಚರ್ಚು, ದೇವಸ್ಥಾನ, ಮಸೀದಿ ಎಲ್ಲ ಸೇರಿದರೂ 4.2 ಕೋಟಿ ಜನರ ಹೊಟ್ಟೆ ತುಂಬಿಸಲು ಆಗುವುದಿಲ್ಲ. ಸರ್ಕಾರ ಕೈ ತೆಗೆದರೆ ಧರ್ಮ ನೋಡಿಕೊಳ್ಳುತ್ತದೆ ಅನ್ನುವವರು ನವೆಂಬರ್ 1ರ ಆ ಸಾಲನ್ನು ನೋಡಿರಲಿಕ್ಕಿಲ್ಲ.

ಊರಿನ ನೆನಪಾಗದೆ ಇರುತ್ತದಾ? ಭಾರತದ ಸಂವಿಧಾನ ಇಂಥ ಗೋಡೆ ಕಟ್ಟಲಿಲ್ಲ. 27ನೇ ವಿಧಿ ಒಂದು ನಿರ್ದಿಷ್ಟ ಧರ್ಮವನ್ನು ಬೆಳೆಸಲೆಂದೇ ಯಾರಿಂದಲೂ ತೆರಿಗೆ ವಸೂಲಿ ಮಾಡಬಾರದು ಅನ್ನುತ್ತದೆ. ಅದೇ ಸಂವಿಧಾನದ 290ಎ ವಿಧಿ ಕೇರಳ ಸರ್ಕಾರ ತಿರುವಾಂಕೂರು ದೇವಸ್ವಂ ನಿಧಿಗೆ ವರ್ಷಕ್ಕೆ 46.5 ಲಕ್ಷ ರೂಪಾಯಿ, ತಮಿಳುನಾಡು ಅಲ್ಲಿನ ದೇವಸ್ವಂ ನಿಧಿಗೆ 13.5 ಲಕ್ಷ ಕೊಡಬೇಕು ಅಂತ ಮೊತ್ತವನ್ನೇ ಬರೆದಿಟ್ಟಿದೆ. ನಮ್ಮಲ್ಲಿ ಮಠದ ಶಾಲೆಗೆ ಅನುದಾನ, ಮಿಷನ್ ಆಸ್ಪತ್ರೆಗೆ ಸಹಾಯ ಯಾರಿಗೂ ಆಶ್ಚರ್ಯದ ವಿಷಯ ಅಲ್ಲ. ಆದರೂ 28ನೇ ವಿಧಿಯ ಮೂರನೇ ಭಾಗ ಒಂದು ಮಾತು ಹೇಳುತ್ತದೆ. ಸರ್ಕಾರದ ಮಾನ್ಯತೆ ಅಥವಾ ಹಣ ಪಡೆಯುವ ಶಾಲೆಯಲ್ಲಿ, ಒಪ್ಪಿಗೆ ಇಲ್ಲದೆ ಯಾವ ಮಗುವನ್ನೂ ಧರ್ಮದ ಪಾಠಕ್ಕೆ, ಪೂಜೆಗೆ ಕೂರಿಸುವಂತಿಲ್ಲ. ನಮ್ಮ ಪ್ಯಾಂಟ್ರಿಯ ಗೋಡೆ ಮೇಲಿನ ಹಾಳೆ ಹೇಳುವುದೂ ಇದನ್ನೇ ಅಲ್ವಾ?

ಅದಕ್ಕೇ ಬಿಸಿಯೂಟದ ಚರ್ಚೆ ಬಂದಾಗಲೆಲ್ಲ ನನಗೆ ಈ ನೆಲಮಾಳಿಗೆ ಕಣ್ಣ ಮುಂದೆ ಬರುತ್ತದೆ. ಬೆಂಗಳೂರಿನ ಇಸ್ಕಾನ್ 2000ದಲ್ಲಿ ಶುರುಮಾಡಿದ ಅಕ್ಷಯ ಪಾತ್ರ ಲಕ್ಷಾಂತರ ಮಕ್ಕಳಿಗೆ ಬಿಸಿ ಬಿಸಿ ಊಟ ಕೊಡುತ್ತಿದೆ. ಅದು ಸಣ್ಣ ಕೆಲಸ ಅಲ್ಲ. ಸರ್ಕಾರದ ಧಾನ್ಯ ಮತ್ತು ಹಣದ ಜೊತೆ ದಾನಿಗಳ ಹಣವೂ ಅದರಲ್ಲಿ ಸೇರಿದೆ. ಈರುಳ್ಳಿ ಬೆಳ್ಳುಳ್ಳಿ ಹಾಕದ ಅಡುಗೆಯ ಬಗ್ಗೆ 2018–19ರಲ್ಲಿ ದೊಡ್ಡ ಚರ್ಚೆ ಆಯಿತು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು ಶುರುಮಾಡಿದಾಗ ಕೆಲವು ಮಠಾಧೀಶರು ಬೇಡ ಅಂದರು. ಅಡುಗೆ ಮಾಡುವವರ ವ್ರತಕ್ಕೆ ನನ್ನ ಗೌರವ ಇದೆ. ತಮ್ಮ ದುಡ್ಡಿನಲ್ಲಿ ದಾಸೋಹ ಮಾಡಿದರೆ ಅಲ್ಲಿನ ಊಟ ಅವರ ಇಷ್ಟ. ಸರ್ಕಾರಿ ಶಾಲೆಯ ತಟ್ಟೆಯಲ್ಲಿ ಏನಿರಬೇಕು ಅಂತ ತೀರ್ಮಾನ ಮಾಡಬೇಕಾದದ್ದು ಮಗುವಿನ ಮೈ, ಅದರ ಮನೆಯ ಊಟದ ರೂಢಿ. ಬಡಿಸುವವರ ನಂಬಿಕೆ ಅಲ್ಲ. ಇಲ್ಲಿ ಅಲ್ಪಸಂಖ್ಯಾತಳಾಗಿ ಬದುಕುತ್ತಾ ನನಗೆ ಇದು ಇನ್ನೂ ಚೆನ್ನಾಗಿ ಅರ್ಥ ಆಗಿದೆ. ಕೊಲಂಬಸ್‌ನಲ್ಲಿ ಗೋಡೆ ನನ್ನನ್ನು ಕಾಯುತ್ತದೆ. ಊರಿಗೆ ಹೋದಾಗ ಅದೇ ಗೋಡೆ ಬೇರೆ ಯಾರಿಗೋ ಬೇಕಿರುತ್ತದೆ ಅಂತ ಮರೆತರೆ, ಅದು ನನ್ನ ತಪ್ಪು.

ಅವತ್ತು ಹನ್ನೊಂದೂ ಮುಕ್ಕಾಲಿಗೆ ಅಕ್ಕಿ ಮುಗಿಯಿತು. ಸಾಲಿನಲ್ಲಿ ಇನ್ನೂ ಮೂವತ್ತು ಜನರಿದ್ದರು. ಅವರಿಗೆ ಡಬ್ಬ, ಬ್ರೆಡ್ ಕೊಟ್ಟೆವು. ಒಬ್ಬ ನೇಪಾಳಿ ಅಜ್ಜಿ ಅಮ್ಮನ ಹಣೆಯ ಕುಂಕುಮ ನೋಡಿ ಕೈ ಮುಗಿದರು. ಅಮ್ಮನೂ ಮುಗಿದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಪೊಟ್ಟಣ ಒಂದು ಜಾಸ್ತಿ ಇಡಲು ಅಮ್ಮ ಮೇಜಿನ ಕೆಳಗೆಲ್ಲ ಹುಡುಕಿದರು, ಇರಲಿಲ್ಲ.

ಬಾಗಿಲು ಹಾಕಿದ ಮೇಲೆ ಅಮ್ಮ ಮೆಟ್ಟಿಲ ಕಡೆ ನೋಡಿ, "ಮೇಲೆ ಹೋಗಿ ನೋಡಬಹುದೇನೇ?" ಅಂದರು. ಪ್ಯಾಂಟ್ರಿಯ ಅಜ್ಜಿಯನ್ನು ಕೇಳಿದೆ. ನಕ್ಕು, ದೀಪ ಹಾಕಲು ತಾವೂ ಬಂದರು. ಹಾಲಿನಲ್ಲಿ ಯಾರೂ ಇರಲಿಲ್ಲ. ಅಮ್ಮ ಚಪ್ಪಲಿ ಬಾಗಿಲ ಹೊರಗೆ ಬಿಟ್ಟು, ಕೊನೆಯ ಬೆಂಚಿನಲ್ಲಿ ಕಣ್ಣು ಮುಚ್ಚಿ ಎರಡು ನಿಮಿಷ ಕುಳಿತರು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು ಎದ್ದರು. ಬೆರಳ ಸಂದಿಯಲ್ಲಿ ಇನ್ನೂ ಅಕ್ಕಿಯ ಬಿಳಿ ಪುಡಿ ಇತ್ತು.